ತೊಟ್ಟಿಲು ಪಂಡಿತರಿಗೆ ಒಂದು ಬಹಿರಂಗ ಪತ್ರ

ನಂದೊಳ್ಳಿ, ಯಲ್ಲಾಪುರ ತಾಲೂಕು
ಆಷಾಢ ಮಾಸ, ಕರೆಂಟು ಹೋದ ಸಂಜೆ

ಶಿರಸಿ, ಸಿದ್ದಾಪುರ, ಯಲ್ಲಾಪುರ ಈ ಮೂರೂ ತಾಲೂಕಿನ ಸಮಸ್ತ ತೊಟ್ಟಿಲು ಪಂಡಿತರು, ಟೊರಟೊರ ವಿಶಾರದರು, ಕೊಲಂಬಸ್ ಕೋವಿದರು ಹಾಗೂ ರೋಲರ್ ಕೋಸ್ಟರ್ ಭವಿಷ್ಯಕಾರರಿಗೆ ನಮಸ್ಕಾರ. ಇಲ್ಲಿ ಮಳೆ ಜೋರಿದೆ, ಅಡಿಕೆಗೆ ಕೊಳೆ ಕಾಣಿಸಿಕೊಂಡಿದೆ, ವದಂತಿಯ ಫಸಲು ಮಾತ್ರ ಭರ್ಜರಿಯಾಗಿದೆ.

ಶಿರಸಿಯ ಮಾರಿಕಾಂಬೆ ಬಿಡಕಿಬೈಲಿನ ಗದ್ದುಗೆಯಿಂದ ಎದ್ದು, ಯುಗಾದಿಗೆ ದೇವಸ್ಥಾನದಲ್ಲಿ ಮರಳಿ ಪ್ರತಿಷ್ಠೆಗೊಂಡಳು ಎಂದರೆ ಜಾತ್ರೆ ಮುಗಿಯಿತು. ಮುಂದಿನದು 2028ಕ್ಕೆ. ಸಾಮಾನ್ಯ ಭಕ್ತರು ಕೈಮುಗಿದು, ಕಟ್ಟಿಸಿ ತಂದ ಬೆಂಡು ಬತ್ತಾಸು ಖಾಲಿ ಮಾಡಿ ತಮ್ಮ ತಮ್ಮ ಕೆಲಸಕ್ಕೆ ಬಿದ್ದರು. ನಿಮ್ಮ ಕೆಲಸ ಶುರುವಾದದ್ದೇ ಆಗ. ಒಂಬತ್ತು ದಿನ ಹತ್ತಿ ಇಳಿಯುವುದು, ಉಳಿದ ಏಳುನೂರು ಚಿಲ್ಲರೆ ದಿನ ಅದರ ಬಗ್ಗೆ ಮಾತಾಡುವುದು. ಈ ಲೆಕ್ಕದಲ್ಲಿ ತೊಟ್ಟಿಲಿಗಿಂತ ನಾಲಿಗೆಯೇ ಹೆಚ್ಚು ಸುತ್ತು ಹೊಡೆದಿದೆ.

ಎರಡು ವರ್ಷ ಕಾಯಲಾಗದವರಿಗೆ ನಮ್ಮ ಯಲ್ಲಾಪುರದ ಗ್ರಾಮದೇವಿ ಜಾತ್ರೆ ಇದೆ. ಅದು ಮೂರು ವರ್ಷಕ್ಕೊಮ್ಮೆ! ಎರಡೂ ಒಂದೇ ವರ್ಷ ಬೀಳುವುದು ಆರು ವರ್ಷಕ್ಕೊಮ್ಮೆ ಎಂದು ನಮ್ಮ ಕೇರಿಯ ಹೈಸ್ಕೂಲು ಮಾಣಿಯೊಬ್ಬ ಲ.ಸಾ.ಅ. ತೆಗೆದು ತೋರಿಸಿದ. ಗಣಿತದ ಪರೀಕ್ಷೆಯಲ್ಲಿ ಅದೇ ಲೆಕ್ಕ ಬಿಟ್ಟು ಬಂದಿದ್ದ ಎಂಬುದು ಬೇರೆ ಮಾತು.

ಮುಂದಿನ ಶಿರಸಿ ಜಾತ್ರೆಯ ಬಗ್ಗೆ ಈ ಮಳೆಗಾಲದ ವದಂತಿ ದೊಡ್ಡದು. ಜೈಂಟ್ ವೀಲ್ ಎರಡು ಬರುವುದೋ ಮೂರೋ, ಬ್ರೇಕ್ ಡ್ಯಾನ್ಸ್ ಇರುತ್ತದೋ ಇಲ್ಲವೋ, ಮರಣಬಾವಿಯಲ್ಲಿ ಕಾರೂ ಓಡುತ್ತದೋ ಬರೀ ಬೈಕೋ ಎಂಬಂಥ ಚಿಲ್ಲರೆ ವಿಷಯವೇ ಅಲ್ಲ. ಸೊಸೈಟಿ ಕಟ್ಟೆಯ ಮೇಲೆ ನನ್ನ ಕಿವಿಯಾರೆ ಕೇಳಿದ್ದನ್ನು ಹಾಗೇ ಬರೆಯುತ್ತೇನೆ.

"ರೋಲರ್ ಕೋಸ್ಟರ್ರೇ ಬತ್ತಡ ಮಾರಾಯಾ!"

"ಯಾರು ಹೇಳಿದ್ದಾ?"

"ಭಾವ ಹೇಳಿದ್ದ."

"ಭಾವಂಗೆ ಯಾರು ಹೇಳಿದ್ದಡ?"

"ಅವಂಗೆ ಶಿರಸಿಲಿ ಹೇಳಿದ್ವಡ."

ಇದಕ್ಕಿಂತ ಮುಂದೆ ಯಾವ ತನಿಖೆಯೂ ಸಾಗದು. ಶಿರಸಿಯಲ್ಲಿ ವಿಚಾರಿಸಿದರೆ ಯಲ್ಲಾಪುರ ಬದಿಯವರು ಹೇಳಿದ್ದು ಅನ್ನುತ್ತಾರೆ. ಸಿದ್ದಾಪುರದವರನ್ನು ಕೇಳಿದರೆ, ಎರಡೂ ಕಡೆಯವರು ಹೇಳುತ್ತಿದ್ದಾರೆ ಎಂದ ಮೇಲೆ ಖರೆಯೇ ಇರಬೇಕು ಅನ್ನುತ್ತಾರೆ. ಹೀಗೆ ಮೂರು ತಾಲೂಕು ಸುತ್ತಿ ಸುದ್ದಿ ಹೊರಟ ಕಟ್ಟೆಗೇ ಮರಳಿದಾಗ, ಅದನ್ನು ಹೊರಡಿಸಿದ ಮನುಷ್ಯನೇ ಎದ್ದು ನಿಂತು, "ನಾ ಆಗ್ಲೇ ಹೇಳಿದ್ನಿಲ್ಯಾ!" ಅಂದ.

ಸಾಕ್ಷಿಯೂ ಸಿಕ್ಕಿತು. ರಸ್ತೆ ಪಕ್ಕ ಯಾರೋ ಕುಡಿಯುವ ನೀರಿನ ಕರಿ ಪೈಪಿನ ಸಿಂಬೆ ಇಳಿಸಿ ಹೋಗಿದ್ದರು. ಮೈಮೇಲೆ ನೀಲಿ ಗೆರೆ ಎಳೆದ, ಆಳೆತ್ತರದ ಸಿಂಬೆ. ಪಂಡಿತರ ನಿಯೋಗ ಬಂತು. ಒಬ್ಬರು ಹೆಜ್ಜೆ ಹಾಕಿ ಅಗಲ ಅಳೆದರು. ಇನ್ನೊಬ್ಬರು ಬೆರಳ ಗೆಣ್ಣಿನಿಂದ ಬಾರಿಸಿ, ಟೊಳ್ಳು ಎಂದು ಘೋಷಿಸಿದರು. ಕೋಸ್ಟರಿನ ಹಳಿ ಕೊಳವೆಯದೇ ಇರುವುದು, 1959ರಲ್ಲಿ ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡಿನಲ್ಲಿ ಮ್ಯಾಟರ್‌ಹಾರ್ನ್ ಕಟ್ಟಿದಾಗ ಉಕ್ಕಿನ ಕೊಳವೆ ಹಳಿ ಮೊದಲು ಬಂದದ್ದು ಎಂದು ಮೂರನೆಯವರು ಇಸವಿ ಸಮೇತ ಹೇಳಿದರು. ಅವರು ಹೇಳಿದ್ದು ಅಕ್ಷರಶಃ ಸರಿ. ಪೈಪು ಮಾತ್ರ ನೀರಿನದು. ಅದನ್ನು ಹೂಳಲು ಚರಂಡಿ ತೋಡಿದಾಗ ಫೌಂಡೇಶನ್ ಎಂದಿರಿ, ಮಣ್ಣು ಮುಚ್ಚಿದಾಗ ಗುಟ್ಟಾಗಿ ಇಟ್ಟಿದ್ದಾರೆ ಎಂದಿರಿ. ಶಿರಸಿ ಜಾತ್ರೆಯ ಯಂತ್ರಕ್ಕೆ ನಂದೊಳ್ಳಿಯಲ್ಲಿ ಯಾಕೆ ಹಳಿ ಇಳಿಸುತ್ತಾರೆ ಎಂದು ಕೇಳಿದವಳು ಏಳನೇ ಕ್ಲಾಸಿನ ಒಂದು ಕೂಸು. ಅವಳನ್ನು ಹೋಂವರ್ಕ್ ಮಾಡಲು ಒಳಗೆ ಕಳಿಸಿದಿರಿ.

ನೆನಪಿರಲಿ, ಇದು ಹುಬ್ಬಳ್ಳಿ–ಅಂಕೋಲಾ ರೈಲಿನ ಸುದ್ದಿಯನ್ನು 1990ರ ದಶಕದ ಕೊನೆಯಿಂದ ಕೇಳಿಕೊಂಡೇ ಬಂದ ತಾಲೂಕು. ಸರ್ವೆ ಬಂತು, ಕಮಿಟಿ ಬಂತು, ಕೋರ್ಟು ಕಚೇರಿ ಆಯಿತು, ಗಾಡಿಯೊಂದು ಬಂದಿಲ್ಲ. ಬರಬೇಕೋ ಬೇಡವೋ ಎಂಬ ಜಗಳಕ್ಕೆ ನಾನಿಲ್ಲಿ ಕೈಹಾಕುವುದಿಲ್ಲ, ನಮ್ಮ ಮನೆಯಲ್ಲೇ ಎರಡು ಪಕ್ಷ ಇವೆ. ನೆಟ್ಟಗೆ ಹೋಗುವ ಹಳಿಯೇ ಬಾರದ ಕಡೆ ತಲೆಕೆಳಗಾಗುವ ಹಳಿ ಬರುತ್ತದೆಂದು ನಂಬುವುದಕ್ಕೆ ಗುಂಡಿಗೆ ಬೇಕು. ಆ ಗುಂಡಿಗೆ ನಿಮಗಿದೆ.

ನಿಮ್ಮಂಥವರು ಲೋಕದಲ್ಲಿ ನೀವೊಬ್ಬರೇ ಅಂದುಕೊಳ್ಳಬೇಡಿ. ಅಮೆರಿಕದಲ್ಲಿ 1978ರಿಂದ ಕೋಸ್ಟರ್ ಪ್ರಿಯರ ಸಂಘವೇ ಇದೆ. ಹತ್ತಿದ ಒಂದೊಂದು ಕೋಸ್ಟರನ್ನೂ ಎಣಿಸಿ ಲೆಕ್ಕ ಇಟ್ಟುಕೊಳ್ಳುವ ಜನ ಅವರು. ಆ ದೇಶದ ಉತ್ತರದ ರಾಜ್ಯಗಳಲ್ಲಿ ಚಳಿಗಾಲಕ್ಕೆ ಪಾರ್ಕುಗಳು ಬಾಗಿಲು ಹಾಕುತ್ತವೆ. ಆಗ ಇವರು ಬೇಲಿಯಾಚೆ ನಿಂತು ಇಣುಕಿ, ನೆಲಕ್ಕೆ ನೆಟ್ಟ ಗೂಟ, ಗುರುತಿಗೆ ಬಳಿದ ಬಣ್ಣ, ಲಾರಿಯಲ್ಲಿ ಬಂದ ಹಳಿಯ ತುಂಡು ಎಲ್ಲ ನೋಡಿ ಮುಂದಿನ ಸೀಸನ್ನಿನ ಜಾತಕ ಬರೆಯುತ್ತಾರೆ. ಒಹಾಯೊದ ಸೀಡರ್ ಪಾಯಿಂಟಿನಲ್ಲಿ 420 ಅಡಿ ಎತ್ತರದ ಟಾಪ್ ಥ್ರಿಲ್ 2 ಅನ್ನು 2024ರ ಮೇ ತಿಂಗಳಲ್ಲಿ ಜನರಿಗೆ ತೆರೆದರು. ಹತ್ತು ದಿನ ತುಂಬುವ ಮೊದಲೇ ನಿಲ್ಲಿಸಿದರು. ಆ ವರ್ಷ ಅದು ಮತ್ತೆ ಓಡಲೇ ಇಲ್ಲ. ಇಂದು ಶುರು, ನಾಳೆ ಶುರು ಎಂಬ ಮಾತು ಅಲ್ಲಿಯೂ ಇಡೀ ಬೇಸಗೆ ನಡೆಯಿತು. ಒಹಾಯೊದಲ್ಲೂ ಯಾರಿಗೋ ಒಬ್ಬ ಭಾವ ಇದ್ದಿರಲೇಬೇಕು.

ನಿಮ್ಮ ವಿದ್ವತ್ತಿನ ಬಗ್ಗೆ ನನಗೆ ಅನುಮಾನವೇ ಇಲ್ಲ. ಬಿಡದಿಯ ವಂಡರ್‌ಲಾ 2005ರಲ್ಲಿ ಶುರುವಾದದ್ದು, ಖೋಪೋಲಿಯ ಇಮ್ಯಾಜಿಕಾದ ನೈಟ್ರೊ ಎಂಬ ಕೋಸ್ಟರಿಗೆ ಕಾಲಡಿ ನೆಲವೇ ಇಲ್ಲದ್ದು, ಅದನ್ನು ಮಾಡಿದ್ದು ಸ್ವಿಟ್ಜರ್ಲೆಂಡಿನ ಬೋಲಿಗರ್ ಮತ್ತು ಮಾಬಿಯಾರ್ ಕಂಪನಿ, ಇವೆಲ್ಲ ನಿಮಗೆ ಬಾಯಿಪಾಠ. ಇವುಗಳಲ್ಲಿ ಒಂದರ ಗೇಟನ್ನೂ ನೋಡದವರು ನಿಮ್ಮಲ್ಲಿ ಬಹಳ ಮಂದಿ ಇದ್ದೀರಿ. ಶಾಲೆಯ ಪ್ರವಾಸದಲ್ಲಿ ವಂಡರ್‌ಲಾಕ್ಕೆ ಹೋಗಿಬಂದ ಮಾಣಿಯರ ಮಾತಿಗೆ ಆ ಕಾರಣಕ್ಕೇ ಕಟ್ಟೆಯಲ್ಲಿ ಬೆಲೆ ಇಲ್ಲ. ಅನುಭವ ಇದ್ದವರಿಗೆ ಶಾಸ್ತ್ರ ಬಾರದು ಎಂಬುದು ನಿಮ್ಮ ನಿಲುವು. ನ್ಯೂಜೆರ್ಸಿಯಲ್ಲಿ 456 ಅಡಿಯ ಕಿಂಗ್ಡಾ ಕಾ ಎಂಬುದನ್ನು 2025ರ ಫೆಬ್ರವರಿಯಲ್ಲಿ ಸಿಡಿಮದ್ದಿಟ್ಟು ಉರುಳಿಸಿದರಲ್ಲ, ಆ ದಿನ ನಮ್ಮ ಕೇರಿಯ ಒಬ್ಬರು ಮಧ್ಯಾಹ್ನದ ಊಟ ಬಿಟ್ಟರು. ಅದೇ ವಾರ ಅವರ ಕೊಟ್ಟಿಗೆಯ ಮಾಡು ಕುಸಿದದ್ದಕ್ಕೆ ಅಷ್ಟು ನೊಂದಿರಲಿಲ್ಲ.

ಸೌದಿ ಅರೇಬಿಯಾದ ಕಿದ್ದಿಯಾದಲ್ಲಿ ಕಟ್ಟಿದ ಫಾಲ್ಕನ್ಸ್ ಫ್ಲೈಟಿನ ಎತ್ತರ 195 ಮೀಟರ್, ವೇಗ ಗಂಟೆಗೆ 250 ಕಿಲೋಮೀಟರ್ ಎಂದು ಹೇಳಿ ನೀವು ಕಣ್ಣರಳಿಸುತ್ತೀರಿ. ನಮ್ಮ ಮಾಗೋಡಿನಲ್ಲಿ ಬೇಡ್ತಿ ಹೊಳೆ ಸುಮಾರು 200 ಮೀಟರ್ ಧುಮುಕುತ್ತದೆ, ಅದೂ ನಡುವೆ ಒಂದು ಮೆಟ್ಟಿಲು ಮುಟ್ಟಿ ಎರಡೇ ಹಾರಿಗೆ. ಕ್ಯೂ ಇಲ್ಲ. ಆ ಜಲಪಾತದ ಕಟ್ಟೆಗೆ ಬೆನ್ನು ಹಾಕಿ ನಿಂತು ಮೊಬೈಲಿನಲ್ಲಿ ಸೌದಿಯ ವಿಡಿಯೋ ನೋಡಿದ ಇಬ್ಬರನ್ನು ನಾನು ಬಲ್ಲೆ. ಹೆಸರು ಹೇಳುವುದಿಲ್ಲ, ಒಬ್ಬ ನನ್ನ ತಮ್ಮ.

ಇನ್ನು ನಿಮ್ಮ ದೊಡ್ಡ ವಾದ. ಜರ್ಮನಿಯ ಅಕ್ಟೋಬರ್‌ಫೆಸ್ಟಿಗೆ ಐದು ಲೂಪಿನ ಒಲಿಂಪಿಯಾ ಲೂಪಿಂಗ್ ಎಂಬ ಕೋಸ್ಟರನ್ನು ಬಿಚ್ಚಿ ತಂದು ಜೋಡಿಸುತ್ತಾರೆ, 1989ರಿಂದ ಅದು ಜಾತ್ರೆಯಿಂದ ಜಾತ್ರೆಗೆ ತಿರುಗುತ್ತಿದೆ, ಅಂದಮೇಲೆ ಶಿರಸಿಗೆ ಯಾಕೆ ಬಾರದು? ಬರಲಿ, ನನ್ನದೇನೂ ಅಡ್ಡಿಯಿಲ್ಲ. ಆ ಹಳಿಯನ್ನು ಹೇರಿಕೊಂಡ ಲಾರಿಗಳ ಸಾಲು ಅರಬೈಲ್ ಘಟ್ಟದ ತಿರುವುಗಳನ್ನು ಹತ್ತಬೇಕು. ಅಡ್ಡ ಬಿದ್ದ ಒಂದು ಲಾರಿಯನ್ನು ಬದಿಗೆ ಸರಿಸುವಷ್ಟರಲ್ಲಿ ಹಿಂದಿನ ಬಸ್ಸಿನವರು ಇಳಿದು, ಚಾ ಕುಡಿದು, ಪರಸ್ಪರ ಸಂಬಂಧ ಹುಡುಕಿ, ಒಂದೆರಡು ಜಾತಕ ವಿನಿಮಯವೂ ಆಗುವ ರಸ್ತೆ ಅದು. ಜೋಡಿಸುವಷ್ಟರಲ್ಲಿ ದೇವಿ ಗದ್ದುಗೆಯಿಂದ ಎದ್ದಿರುತ್ತಾಳೆ.

ಅಷ್ಟಕ್ಕೂ ಜಾತ್ರೆಗೆ ರೋಲರ್ ಕೋಸ್ಟರ್ ಬಂದೇ ಇಲ್ಲವೇ? ಡ್ರ್ಯಾಗನ್ ಟ್ರೇನ್ ಮತ್ತೇನು? ಮುಂದೆ ಹಸಿರು ತಲೆ, ಹಿಂದೆ ನಾಲ್ಕಾರು ಡಬ್ಬಿ, ಒಂದು ಸಣ್ಣ ದಿಬ್ಬ, ಒಂದು ತಿರುವು. ಹಳಿ ಉಂಟು, ಏರಿಳಿತ ಉಂಟು, ಹತ್ತಿದ ಮಕ್ಕಳ ಕಿರುಚಾಟವೂ ಉಂಟು. ಇನ್ನೇನು ಬೇಕು? 1884ರಲ್ಲಿ ನ್ಯೂಯಾರ್ಕಿನ ಕೋನಿ ಐಲೆಂಡಿನಲ್ಲಿ ಲಾಮಾರ್ಕಸ್ ಥಾಂಪ್ಸನ್ ಐದು ಸೆಂಟಿಗೆ ಹತ್ತಿಸಿದ ಗಾಡಿ ಗಂಟೆಗೆ ಆರು ಮೈಲು ಓಡುತ್ತಿತ್ತು, ಜನ ಮುಗಿಬಿದ್ದರು. ನೀವು ಡ್ರ್ಯಾಗನ್ನಿನ ಮುಂದೆ ಮೂಗು ಮುರಿದು ನಡೆಯುತ್ತೀರಿ. ಕಾರಣ ನನಗೆ ಗೊತ್ತು: ಅದು ನಿಜವಾಗಿ ಬರುತ್ತದೆ. ಬರುವ ಯಂತ್ರದ ಬಗ್ಗೆ ಏನು ಮಾತಾಡುವುದು? ಮಳೆಗಾಲ ಕಳೆಯುವಷ್ಟು ಮಾತಿಗೆ ಬಾರದ್ದೇ ಬೇಕು.

ಇಷ್ಟೆಲ್ಲ ಹೇಳಲು ನಾನ್ಯಾರು? ಅದೂ ನಿಮಗೆ ಗೊತ್ತಿದ್ದದ್ದೇ. ಪ್ರತಿ ಜಾತ್ರೆಯಲ್ಲಿ ನೀವೆಲ್ಲ ಮೇಲೆ ಹೋದಾಗ ಕೆಳಗೆ ನಿಲ್ಲುವವ ನಾನು. ನಿಮ್ಮ ಮೊಬೈಲು, ಚಪ್ಪಲಿ, ಕನ್ನಡಕ, ಅತ್ತೆಯವರ ಕುಂಕುಮ ಪ್ರಸಾದದ ಕೊಟ್ಟೆ, ಯಾರದೋ ಅರ್ಧ ತಿಂದ ಗಿರಮಿಟ್ಟು, ಮತ್ಯಾರದೋ ಪೂರಾ ಮಗು, ಎಲ್ಲ ನನ್ನ ಕೈಯಲ್ಲಿ. ತೊಟ್ಟಿಲು ಎರಡು ಸುತ್ತು ತಿರುಗುವುದನ್ನು ನೋಡಿದರೇ ನನಗೆ ತಲೆ ತಿರುಗುತ್ತದೆ. ಇದರಲ್ಲಿ ನಾಚಿಕೆಯೇನೂ ಇಲ್ಲ. 1989ರಲ್ಲಿ ಇನ್ನೂರು ಅಡಿ ದಾಟಿದ ಮೊದಲ ಪೂರ್ಣ ಸುತ್ತಿನ ಕೋಸ್ಟರ್ ಮ್ಯಾಗ್ನಮ್ ಎಕ್ಸ್‌ಎಲ್-200 ಅನ್ನು ರೂಪಿಸಿದ ರಾನ್ ಟೂಮರ್‌ಗೂ ಇದೇ ಕಾಯಿಲೆ. ತಾನು ಮಾಡಿದ್ದನ್ನು ತಾನು ಹತ್ತಲು ಆತನಿಗೆ ಮನಸ್ಸಿರಲಿಲ್ಲ. ಆತನಿಗೂ ನನಗೂ ಇರುವ ವ್ಯತ್ಯಾಸ ಕೋಸ್ಟರ್ ಕಟ್ಟುವುದು ಒಂದೇ.

ಕೆಳಗೆ ನಿಲ್ಲುವವನಿಗೆ ಒಂದು ಲಾಭ ಇದೆ. ಮೇಲಿದ್ದವರು ಆಕಾಶ ನೋಡುತ್ತಾರೆ, ಅವನಿಗೆ ಯಂತ್ರ ಕಾಣುತ್ತದೆ. ಕೊಲಂಬಸ್ ದೋಣಿಯನ್ನು ತೂಗುವುದು ಏನು ಗೊತ್ತೇ, ತಜ್ಞರೇ? ಒಂದು ಟಯರು. ದೋಣಿಯ ಹೊಟ್ಟೆಯಡಿ ಮೋಟಾರಿಗೆ ಕಟ್ಟಿದ ಟಯರು ತಿರುಗುತ್ತಿರುತ್ತದೆ. ಆಪರೇಟರು ಸನ್ನೆಕೋಲು ಎಳೆದಾಗ ಅದು ದೋಣಿಯ ತಳಕ್ಕೆ ಒತ್ತಿ ಉಜ್ಜಿ ನೂಕುತ್ತದೆ. ಎಷ್ಟು ಒತ್ತಬೇಕು, ಯಾವಾಗ ಬಿಡಬೇಕು ಎಂಬುದು ಅವನ ಅಂಗೈಗೆ ಗೊತ್ತು. ಜೈಂಟ್ ವೀಲಿಗೆ ಜನ ಹತ್ತಿಸುವ ಹುಡುಗ ಸಾಲಾಗಿ ತುಂಬುತ್ತ ಹೋಗುವುದಿಲ್ಲ. ಇಲ್ಲೊಂದು ತೊಟ್ಟಿಲು ತುಂಬಿದರೆ ಎದುರಿನದನ್ನು ಇಳಿಸಿ ತುಂಬುತ್ತಾನೆ, ತೂಕ ಒಂದೇ ಬದಿಗೆ ಬೀಳಬಾರದಲ್ಲ. ನಿಮ್ಮ ಗುಂಪಿನವರು ಒಟ್ಟಿಗೆ ಕೂರಬೇಕೆಂದು ಅವನೊಡನೆ ಜಗಳ ತೆಗೆದಿರಿ. ಅವನು ಏನೋ ಹಿಂದಿಯಲ್ಲಿ ಹೇಳಿದ, ನೀವು ಕ್ಯೂ ನಿಯಮ ಹೇಳಿಕೊಟ್ಟಿರಿ.

ಆ ತೊಟ್ಟಿಲಿನ ಕಾಲಡಿ ನಾನು ಕಂಡದ್ದು ಇಷ್ಟು. ನೆಲ ಮಟ್ಟಸ ಇಲ್ಲದ ಕಡೆ ಕಬ್ಬಿಣದ ಕಾಲಿನಡಿ ಹಲಗೆ ತುಂಡು ಒಂದರ ಮೇಲೊಂದು ಒಟ್ಟಿದ್ದರು. ಒಂದು ಹಲಗೆ ಒದ್ದೆಯಾಗಿ ಅಂಚು ಸೀಳಿತ್ತು. ತೊಟ್ಟಿಲನ್ನು ಕಂಬಕ್ಕೆ ಸಿಕ್ಕಿಸಿದ ಕಡೆ ಒಂದು ಬೋಲ್ಟು, ಬೋಲ್ಟಿನ ತುದಿಗೆ ಬೆರಳುದ್ದದ ಪಿನ್ನು. ಬಹುತೇಕ ಕಡೆ ಪಿನ್ನಿನ ಎರಡು ಕಾಲನ್ನೂ ಅಗಲಿಸಿ ಮಡಚಿದ್ದರು. ಒಂದು ಕಡೆ ಪಿನ್ನಿನ ಬದಲು ತಂತಿ ಸುತ್ತಿತ್ತು. ನಾನು ಹೋಗಿ ತೋರಿಸಿದೆ. ಹುಡುಗ ನಕ್ಕು, ಜೇಬಿನಿಂದ ಪಿನ್ನು ತೆಗೆದು ಹಾಕಿ ಇಕ್ಕಳದಿಂದ ಮಡಚಿದ. ಜೇಬಿನಲ್ಲೇ ಇತ್ತು! ಯಾರೂ ಕೇಳಿರಲಿಲ್ಲ, ಅಷ್ಟೇ.

ಅದೇ ಹೊತ್ತಿಗೆ ಮೇಲೆ ಕೂತ ನೀವು ಏನು ಮಾತಾಡುತ್ತಿದ್ದಿರಿ? ದೊಡ್ಡ ಕೋಸ್ಟರು ಏರುವಾಗ ಬರುವ ಟಕಟಕ ಸದ್ದು ಹಿಂದಕ್ಕೆ ಜಾರದಂತೆ ಹಿಡಿಯುವ ಕೊಕ್ಕೆಯದು, ಹಳಿ ಬಿಟ್ಟು ಹಾರದಂತೆ ಅಡಿಯಿಂದಲೂ ಒಂದು ಚಕ್ರ ಕಚ್ಚಿಕೊಂಡಿರುತ್ತದೆ, ಅದರ ಪೇಟೆಂಟು ಜಾನ್ ಮಿಲ್ಲರನದು. ಎಲ್ಲ ಸರಿ. ನಿಮ್ಮ ತೊಡೆಯ ಮೇಲಿನ ಸರಪಳಿಗೆ ಕೊಕ್ಕೆ ಸಿಕ್ಕಿಸಲು ಮರೆತಿದ್ದಿರಿ. ನಾನು ಕೆಳಗಿಂದ ಕೂಗಿದೆ. ನೀವು ಕೈ ಬೀಸಿದಿರಿ.

ಅಡಿಕೆ ಕೊನೆ ಇಳಿಸುವ ಕೊನೆಗೌಡನನ್ನು ನೋಡಿ ಕಲಿಯಿರಿ ಎಂದರೆ ನಿಮಗೆ ಸಿಟ್ಟು ಬರುತ್ತದೆ, ಆದರೂ ಹೇಳುತ್ತೇನೆ. ಐವತ್ತು ಅರವತ್ತು ಅಡಿಯ ಅಡಿಕೆ ಮರ, ಕಾಲಿಗೆ ತಳೆ, ಸೊಂಟಕ್ಕೆ ಕತ್ತಿ. ಕೊನೆ ಇಳಿಸಿದ ಮೇಲೆ ಆತ ಕೆಳಗೆ ಬಂದು ಇನ್ನೊಂದು ಮರ ಹತ್ತುವುದಿಲ್ಲ. ಅಲ್ಲೇ ಮೈ ತೂಗಿ ಮರವನ್ನು ಬಾಗಿಸಿ, ಪಕ್ಕದ ಮರಕ್ಕೆ ಕೈಕೊಟ್ಟು ದಾಟುತ್ತಾನೆ. ಬಿಟ್ಟ ಮರ ಹಿಂದಕ್ಕೆ ಚಿಮ್ಮಿ ಎರಡು ಮೂರು ಸಲ ತೂಗಾಡಿ ನಿಲ್ಲುತ್ತದೆ. ಮಳೆಯಲ್ಲಿ ಮೈಲುತುತ್ತದ ಔಷಧಿ ಹೊಡೆಯಲು ಜಾರುವ ಮರವನ್ನೇ ಹತ್ತುತ್ತಾನೆ. ನೀವು ಕುರ್ಚಿಯಿಂದ ಕುಂಡೆ ಏಳುವ ಆ ಒಂದು ಕ್ಷಣಕ್ಕೆ ಬೆಂಗಳೂರಿನ ಬಸ್ ಹತ್ತುತ್ತೀರಲ್ಲ, ಆತನಿಗೆ ಅದು ದಿನವಿಡೀ ಸಂಬಳದ ಜತೆ ಸಿಗುತ್ತದೆ. ಅವನು ಹತ್ತುವ ಮೊದಲು ಏನು ಮಾಡುತ್ತಾನೆ ಎಂದು ಗಮನಿಸಿದ್ದೀರಾ? ತಳೆ ಎಳೆದು ನೋಡುತ್ತಾನೆ. ಮರದ ಬುಡಕ್ಕೆ ಅಂಗೈಯಿಂದ ಬಡಿಯುತ್ತಾನೆ. ತಲೆಯೆತ್ತಿ ತುದಿ ನೋಡುತ್ತಾನೆ. ನಮ್ಮ ತೋಟದಲ್ಲಿ ಒಂದು ಮರ ಬಿಟ್ಟು ಮುಂದೆ ಹೋದದ್ದಕ್ಕೆ ಕಾರಣ ಕೇಳಿದೆ. "ಮರ ನೋಡದೆ ಹತ್ತಿದ್ರೆ ಆಗ್ತದ್ಯಾ ಭಟ್ರೇ? ಇದು ಒಳಗೆ ಹೋಗ್ಯದೆ" ಅಂದ. ಆತನಿಗೆ ಮ್ಯಾಟರ್‌ಹಾರ್ನಿನ ಇಸವಿ ಗೊತ್ತಿಲ್ಲ.

ಇನ್ನೊಂದು ಮಾತನ್ನು ನಗಿಸಲು ಹೇಳುತ್ತಿಲ್ಲ. 2019ರ ಜುಲೈಯಲ್ಲಿ ಅಹಮದಾಬಾದಿನ ಕಾಂಕರಿಯಾದಲ್ಲಿ ತೂಗುವ ಯಂತ್ರ ಮುರಿದು ಇಬ್ಬರು ಸತ್ತರು. 2022ರ ಸೆಪ್ಟೆಂಬರಿನಲ್ಲಿ ಮೊಹಾಲಿಯ ಮೇಳದಲ್ಲಿ ಮೇಲಿಂದ ಇಳಿಯುವ ತೊಟ್ಟಿಲು ನೇರ ನೆಲಕ್ಕೆ ಬಿದ್ದು ಹಲವರಿಗೆ ಪೆಟ್ಟಾಯಿತು. ಇಂಥ ಯಂತ್ರಗಳ ಸುರಕ್ಷತೆಗೆ ನಮ್ಮ ದೇಶದಲ್ಲಿ ಐಎಸ್ 15475 ಎಂಬ ಮಾನಕವೇ ಇದೆ. ವಿದೇಶಿ ಕೋಸ್ಟರುಗಳ ಎತ್ತರವನ್ನು ಅಡಿ ಇಂಚಿನಲ್ಲಿ ಹೇಳುವ ನಿಮ್ಮಲ್ಲಿ ಯಾರಾದರೂ ಈ ಅಂಕೆಯನ್ನು ಕಟ್ಟೆಯ ಮೇಲೆ ಉಚ್ಚರಿಸಿದ್ದಿದೆಯೇ? ಟಿಕೆಟ್ ಕೌಂಟರಿನಲ್ಲಿ "ತಪಾಸಣೆ ಯಾವಾಗ ಆಯ್ತು, ಕಾಗದ ತೋರ್ಸು" ಎಂದು ಕೇಳಿದ್ದಿದೆಯೇ? ಹತ್ತು ರೂಪಾಯಿ ಚಿಲ್ಲರೆಗೆ ಅದೇ ಕೌಂಟರಿನಲ್ಲಿ ಕಾಲು ಗಂಟೆ ನಿಂತು ವಾದ ಮಾಡಿದ್ದನ್ನು ನಾನು ನೋಡಿದ್ದೇನೆ.

ಆದುದರಿಂದ ಒಂದು ಸೂಚನೆ. ವದಂತಿ ನಿಲ್ಲಿಸಿ ಎನ್ನುವಷ್ಟು ಕಟುಕ ನಾನಲ್ಲ. ಮಳೆಗಾಲದಲ್ಲಿ ನಾಲ್ಕು ತಿಂಗಳು ಕಳೆಯಬೇಕಲ್ಲ. ಇದೇ ಪತ್ತೇದಾರಿಕೆಯನ್ನು ಸ್ವಲ್ಪ ಈಚೆ ತಿರುಗಿಸಿ. 2028ರಲ್ಲಿ ತೊಟ್ಟಿಲು ಜೋಡಿಸುವ ದಿನವೇ ಹೋಗಿ ಬೇಲಿಯಿಂದ ಇಣುಕಿ. ನೀರಿನ ಪೈಪು ಬಾರಿಸಿದ ಆ ಬೆರಳಿನಿಂದ ಹಲಗೆ ಬಾರಿಸಿ ನೋಡಿ. ಎಷ್ಟು ಬೋಲ್ಟಿಗೆ ಪಿನ್ನು ಇದೆ, ಎಷ್ಟಕ್ಕೆ ತಂತಿ ಇದೆ ಎಂದು ಎಣಿಸಿ, ಬೇಕಾದರೆ ಅದನ್ನೇ ವದಂತಿ ಮಾಡಿ ಹಬ್ಬಿಸಿ. "ಮೂರ್ನೇ ತೊಟ್ಲಿಗೆ ಪಿನ್ನಿಲ್ಯಡ!" ಎಂಬ ಸುದ್ದಿ ಮೂರು ತಾಲೂಕು ಸುತ್ತುವುದಕ್ಕೆ ಅರ್ಧ ದಿನ ಸಾಕು. ಮರುಸಂಜೆಯೊಳಗೆ ಪಿನ್ನು ಬಿದ್ದಿರುತ್ತದೆ. ನಿಮ್ಮ ಭಾವಂದಿರ ಶಕ್ತಿಯನ್ನು ನಾನು ಯಾವತ್ತೂ ಕಡಿಮೆ ಅಂದಾಜು ಮಾಡಿದವನಲ್ಲ.

ಕಡೆಯದಾಗಿ ನನ್ನ ಸ್ವಂತದ್ದು. ಇಷ್ಟು ವರ್ಷ ಧರ್ಮಾರ್ಥ ಮಾಡಿದ ಸೇವೆಗೆ ಮುಂದಿನ ಜಾತ್ರೆಯಿಂದ ದರ ನಿಗದಿ ಮಾಡಿದ್ದೇನೆ. ಮೊಬೈಲ್ ಒಂದಕ್ಕೆ ಹತ್ತು ರೂಪಾಯಿ. ಪಾಸ್‌ವರ್ಡ್ ಹೇಳಿದರೆ ವಿಡಿಯೋ ಉಚಿತ. ಚಪ್ಪಲಿ ಜೋಡಿಗೆ ಐದು, ಒಂಟಿ ಚಪ್ಪಲಿ ಮೇಲಿಂದ ಬಿದ್ದರೆ ಹುಡುಕಿದ್ದಕ್ಕೆ ಹತ್ತು. ಮಗುವಿಗೆ ಗಂಟೆಯ ಲೆಕ್ಕ, ಅಳುವ ಮಗುವಿಗೆ ಡಬಲ್. ಕೊಕ್ಕೆ ಹಾಕಿಕೊಳ್ಳದವರ ಸಾಮಾನು ಹಿಡಿದುಕೊಳ್ಳುವುದಿಲ್ಲ. ಕೊಲಂಬಸ್ ಇಳಿದವರು ವಾಂತಿ ಮಾಡಿಕೊಂಡ ಶಾಲನ್ನು ಯಾವ ದರಕ್ಕೂ ತೆಗೆದುಕೊಳ್ಳುವುದಿಲ್ಲ. ಕಳೆದ ಸಲದ್ದು ಒಂದು ಈಗಲೂ ನಮ್ಮನೆ ಜಗಲಿಯ ಗೂಟಕ್ಕಿದೆ, ತೊಳೆದಿಟ್ಟಿದ್ದೇನೆ, ಯಾರದೆಂದು ಹೇಳಿ ತೆಗೆದುಕೊಂಡು ಹೋಗಿ.

ಇತಿ ನಿಮ್ಮವ,
ಕೆಳಗೆ ನಿಲ್ಲುವವ